ಪಾರಸಿ ಕ್ರಿಯಾಪದದ ಎರಡು ಧಾತುರೂಪಗಳು

ಪಾರಸಿ ಕಲಿಯಲು ಕುಳಿತಾಗ ವಾಕ್ಯರಚನೆ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕನ್ನಡದಂತೆಯೇ ಅಲ್ಲಿಯೂ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ಕಾಡಿದ್ದು ಕ್ರಿಯಾಪದವೇ, ಏಕೆಂದರೆ ಅದಕ್ಕೆ ಭೂತಕಾಲಕ್ಕೊಂದು, ವರ್ತಮಾನಕ್ಕೊಂದು ಎಂದು ಎರಡು ಧಾತುರೂಪಗಳಿವೆ. ಹೋಗುವುದು ಎಂಬರ್ಥದ ‘ರಫ್ತನ್’ ಪದದ ಕೊನೆಯ ‘ಅನ್’ ತೆಗೆದರೆ ಭೂತರೂಪವಾದ ‘ರಫ್ತ್’ ಸಿಗುತ್ತದೆ. ಆದರೆ ವರ್ತಮಾನರೂಪ ‘ರವ್’ ಎಂಬುದನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ. ನೋಡುವುದು ಎಂಬರ್ಥದ ‘ದೀದನ್’ ವರ್ತಮಾನದಲ್ಲಿ ‘ಬೀನ್’ ಆಗುವುದನ್ನಂತೂ ಹೊಸಬರು ಊಹಿಸಲಾರರು.

‘ರಫ್ತಮ್’ ಎಂದರೆ ಹೋದೆ. ಅದಕ್ಕೆ ‘ಮೀ’ ಸೇರಿ ‘ಮೀರಫ್ತಮ್’ ಆದರೆ ಹೋಗುತ್ತಿದ್ದೆ. ಅದೇ ‘ಮೀ’ ವರ್ತಮಾನರೂಪಕ್ಕೆ ಸೇರಿದಾಗ ‘ಮೀರವಮ್’, ಅಂದರೆ ಹೋಗುತ್ತೇನೆ. ‘ಮೀ’ ಸೂಚಿಸುವುದು ಕಾಲವನ್ನಲ್ಲ, ಕ್ರಿಯೆ ಮುಗಿಯದೆ ನಡೆದಿರುವುದನ್ನು ಅಥವಾ ರೂಢಿಯನ್ನು ಎಂಬುದು ನನಗೆ ಹೊಳೆದದ್ದು ತಡವಾಗಿ. ನಾವು ‘ನಾಳೆ ಹೋಗುತ್ತೇನೆ’ ಎನ್ನುವಂತೆ ಅವರೂ ‘ಫರ್ದಾ ಮೀರವಮ್’ ಎನ್ನುತ್ತಾರೆ. ‘ಖಾಹಮ್ ರಫ್ತ್’ ಎಂಬ ಪ್ರತ್ಯೇಕ ಭವಿಷ್ಯದ್ರೂಪ ಹೆಚ್ಚಾಗಿ ಬರವಣಿಗೆಗೆ ಮೀಸಲು.

‘ಪುಸ್ತಕ ಓದಿದೆ’ ಮತ್ತು ‘ಪುಸ್ತಕವನ್ನು ಓದಿದೆ’ ಎಂಬುವುಗಳ ನಡುವಿನ ಸೂಕ್ಷ್ಮವನ್ನು ಪಾರಸಿ ‘ಕೆತಾಬ್ ಖಾಂದಮ್’, ‘ಕೆತಾಬ್ ರಾ ಖಾಂದಮ್’ ಎಂದು ‘ರಾ’ ಒಂದರಿಂದಲೇ ಕಾಣಿಸುತ್ತದೆ. ‘ಹೋಗಬಯಸುತ್ತೇನೆ’ ಎನ್ನುವಾಗ ಮಾತ್ರ ನಮ್ಮ ಕ್ರಮ ತಲೆಕೆಳಗಾಗುತ್ತದೆ: ‘ಮೀಖಾಹಮ್ ಬೆರವಮ್’, ಬಯಕೆ ಮೊದಲು, ಹೋಗುವುದು ಆಮೇಲೆ.