ರಾಯಚೂರಿಂದ ಶಂಶಾಬಾದ್, ಅಲ್ಲಿಂದ ದಿಲ್ಲಿ: ಕೂಸಿನ ಜೊತಿ ವಿಮಾನ ಹತ್ತೋರಿಗೆ

ಕೂಸಿನ್ನ ಕರ್ಕೊಂಡು ಹೊಂಟೋರು ಮೊದ್ಲು ತಾಸಿನ ಲೆಕ್ಕ ಹಾಕ್ರಿ. ದಿಲ್ಲಿಗೆ ವಿಮಾನದಾಗ ಎರಡೂಕಾಲು ತಾಸು ಅಷ್ಟೇ ಖರೆ, ಆದ್ರ ನಮ್ಮ ರಾಯಚೂರಿನೋರಿಗೆ ಪ್ರಯಾಣ ಶುರು ಆಗೋದು ಮನಿ ಬಾಗಿಲದಾಗ. ಕೃಷ್ಣಾ ಬ್ರಿಡ್ಜ್ ದಾಟಿ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮ್ಯಾಲಿಂದ ಹೈದರಾಬಾದ್ ಏರ್‌ಪೋರ್ಟ್ ಇರೋ ಶಂಶಾಬಾದಿಗೆ ಸುಮಾರು 200 ಕಿಲೋಮೀಟರ್, ನಡುವ ಹಾಲು ಕುಡಿಸ್ಲಿಕ್ಕೆ ಗಾಡಿ ನಿಲ್ಸಿದ್ರ ನಾಲ್ಕು ತಾಸು ಹಿಡೀರಿ, ಏರ್‌ಪೋರ್ಟಿನಾಗ ಎರಡು ತಾಸು, ಇಳಿದ ಮ್ಯಾಲೆ ಬ್ಯಾಗ್ ಬರೋದು, ಟ್ಯಾಕ್ಸಿ ಸಿಗೋದು, ಎಲ್ಲಾ ಸೇರಿ ಹತ್ತು ತಾಸು ಆಗ್ತದ. ಡೈಪರ್, ಹಾಲು, ಬಟ್ಟಿ ಈ ಹತ್ತು ತಾಸಿಗೆ ಸಾಲೋಹಂಗ ಕಟ್ರಿ, ಫ್ಲೈಟ್ ಲೇಟಾದ್ರ ಅಂತ ಇನ್ನಷ್ಟು ಹೆಚ್ಗಿ ಇರ್ಲಿ.

ನಮ್ಮ ಮಗಳಿಗೆ ಆಗ ಎಂಟು ತಿಂಗಳು. ಕೈಯಾಗ ಎರಡು ಬ್ಯಾಗ್ ಮಾಡಿದ್ವಿ, ದೊಡ್ಡದು ಮ್ಯಾಲಿನ ಕ್ಯಾಬಿನ್‌ಗೆ, ಸಣ್ಣದು ಕಾಲ್ಬುಡಕ್ಕ. ಸಣ್ಣದೇ ಮುಖ್ಯ ನೋಡ್ರಿ, ಬೆಲ್ಟ್ ಲೈಟ್ ಹತ್ತಿದ ಮ್ಯಾಲೆ ಎದ್ದು ಮ್ಯಾಲಿಂದು ತೆಗಿಲಿಕ್ಕೆ ಬರಂಗಿಲ್ಲ. ಒಂದು ಡೈಪರ್, ನಾಲ್ಕು ವೈಪ್ಸ್, ಹೊಲಸು ಹಾಕ್ಲಿಕ್ಕೆ ಒಂದು ಕವರ್, ಇಷ್ಟನ್ನ ಸುತ್ತಿ ರಬ್ಬರ್ ಹಾಕಿ ಒಂದೊಂದೇ ಗಂಟು ಮಾಡಿ ಇಟ್ಟಿದ್ದೆ. ವಿಮಾನದ ಟಾಯ್ಲೆಟ್ ಭಾಳ ಇಕ್ಕಟ್ಟು, ಕೂಸಿನ್ನ ಮಲಗ್ಸೋ ಹಲಗಿ ಗೋಡಿಗೆ ಮಡಚಿರ್ತದ, ಅದನ್ನ ಇಳಿಸಿದ್ರ ಬ್ಯಾಗ್ ಇಡ್ಲಿಕ್ಕೆ ಜಾಗ ಉಳಿಯಂಗಿಲ್ಲ, ಒಂದು ಗಂಟು ಕೈಯಾಗ ಹಿಡ್ಕೊಂಡು ಹೋದ್ರ ಸಾಕು. ಕೂಸಿಗೆ ಒಂದ್ ಜೊತಿ ಬಟ್ಟಿ, ಕುಲಾಯಿ, ಸಣ್ಣ ಕೌದಿ (ಹೊರಗ ನಮ್ಮೂರ ಬಿಸಿಲು ಎಷ್ಟರ ಇರ್ಲಿ, ಒಳಗ ಎಸಿ ಥಂಡಿ ಹೊಡಿತದ), ತಾಯಿಗೂ ಒಂದು ಕುರ್ತಾ ಇರ್ಲಿ, ಕೂಸು ಕಕ್ಕೋದು ಆಕಿ ಮ್ಯಾಲೇ.

ಪೌಡರ್ ಹಾಲು ಕುಡಿಯೋ ಕೂಸಿದ್ರ ಮನ್ಯಾಗೇ ಕಲಸಿ ಒಯ್ಯಬ್ಯಾಡ್ರಿ. ಕಲಸಿದ ಹಾಲು ಎರಡು ತಾಸಿನ ಮ್ಯಾಲೆ ಇಡಬಾರದು. ಒಂದೊಂದು ಸಲಕ್ಕ ಬೇಕಾದಷ್ಟು ಪೌಡರ್ ಒಣ ಡಬ್ಬ್ಯಾಗ ಹಾಕಿಟ್ಟು, ಕುದಿಸಿದ ನೀರು ಫ್ಲಾಸ್ಕಿನಾಗ ತಗೊಳ್ರಿ. ಆರು ತಿಂಗಳು ದಾಟಿದ್ರ ರಾಗಿ ಸರಿ ಹಿಟ್ಟಿಗೂ ಹಂಗೇ.

ಸೆಕ್ಯೂರಿಟಿಯೊಳಗ ದಾರಿಗೆ ಬೇಕಾದಷ್ಟು ಕೂಸಿನ ಹಾಲು, ಊಟ ಬಿಡ್ತಾರ, ಆದ್ರ ಅದನ್ನ ಬ್ಯಾರೆ ತೆಗೆದು ಮೊದ್ಲೇ ಹೇಳ್ರಿ, ಒಮ್ಮೊಮ್ಮೆ ರುಚಿ ನೋಡಿ ತೋರ್ಸು ಅಂತಾರ. ಸ್ಟ್ರೋಲರ್ ಮಡಚಿ ಮಷಿನ್‌ಗೆ ಹಾಕ್ಬೇಕು, ಕೂಸಿನ್ನ ಎತ್ಕೊಂಡು ಹೋಗ್ಬೇಕು. ಮನ್ಯಾಗ ಹಿರೇರು ಪ್ರೀತಿಲೆ ಕಟ್ಟಿಕೊಡೋ ತುಪ್ಪ, ಉಪ್ಪಿನಕಾಯಿ ಕೌಂಟರಿನಾಗ ಕೊಡೋ ಚೆಕ್‌ಇನ್ ಬ್ಯಾಗಿಗೆ ಹಾಕ್ರಿ. ಬಾಣಂತಿಗೆ ಅಂತ ಕೊಡೋ ಒಣ ಕೊಬ್ಬರಿ ಬಟ್ಟಲ ಮಾತ್ರ ಚೆಕ್‌ಇನ್ ಬ್ಯಾಗು, ಕೈ ಬ್ಯಾಗು ಎರಡ್ರಾಗೂ ಬ್ಯಾಡ, ಅದ್ರಾಗ ಎಣ್ಣಿ ಅಂಶ ಇರ್ತದ, ಬೆಂಕಿ ಹತ್ತೋ ಸಾಮಾನು ಅಂತ ತೆಗಿತಾರ. ಪವರ್ ಬ್ಯಾಂಕ್ ಕೈ ಬ್ಯಾಗಿನಾಗೇ ಇರ್ಬೇಕು.

ಎರಡು ವರ್ಷದ ಒಳಗಿನ ಕೂಸಿಗೆ ಸೀಟಿಲ್ಲ, ತೊಡಿ ಮ್ಯಾಲೇ. ಜನನ ಪ್ರಮಾಣ ಪತ್ರ ಮರೀಬ್ಯಾಡ್ರಿ, ವಯಸ್ಸಿಗೆ ಅದೇ ಸಾಕ್ಷಿ. ಕೂಸಿಗೆ ಬ್ಯಾರೆ ಲಗೇಜ್ ಅದನೋ ಇಲ್ಲೋ ಅನ್ನೋದು ಒಂದೊಂದು ಏರ್‌ಲೈನಿಗೆ ಒಂದೊಂದು ಥರ, ಟಿಕೆಟಿನಾಗ ನೋಡ್ಕೊಳ್ರಿ.

ಇನ್ನ ಕಿವಿ. ಏರೋವಾಗಿಂತ ಇಳಿಯೋವಾಗ ಕೂಸುಗಳಿಗೆ ತ್ರಾಸು ಜಾಸ್ತಿ, ಒತ್ತಡ ಬದಲಾದಾಗ ಕಿವಿ ಕಟ್ತದ, ನುಂಗಿದ್ರ ಬಿಡ್ತದ. ಹಂಗಾಗಿ ವಿಮಾನ ನೆಲಕ್ಕ ಮುಟ್ಟೋತನ ಕಾಯಬ್ಯಾಡ್ರಿ, ಇಳೀಲಿಕ್ಕೆ ಶುರು ಮಾಡಿದ್ದು ಅನೌನ್ಸ್ ಆದ ಕೂಡ್ಲೆ ಮೊಲಿಗೆ ಹಾಕ್ರಿ ಇಲ್ಲಾ ಬಾಟ್ಲಿ ಕೊಡ್ರಿ, ಅದಕ್ಕ ಅಂತೇ ಮುಂಚೆ ಒಂದಿಷ್ಟು ಹೊತ್ತು ಹಾಲು ಕೊಡದೆ ಹಸಿವು ಉಳಿಸಿಟ್ಟಿರ್ರಿ. ನಮ್ಮಾಕಿ ಮಲಗಿದ್ಲು, ಎಬ್ಬಿಸಿ ಕುಡಿಸ್ದೆ, ಸಣ್ಣಗ ರಾಗ ತಗದ್ಲು ಅಷ್ಟೇ, ಆಮ್ಯಾಲೆ ಚೀಪ್ಕೋಂತ ಸುಮ್ನಾದ್ಲು. ನೆಗಡಿಯಾಗಿ ಮೂಗು ಕಟ್ಟಿದ್ರ ಹೊರಡೋಕ್ಕಿಂತ ಮೊದ್ಲೇ ಡಾಕ್ಟರಿಗೆ ತೋರಿಸ್ರಿ.

ಸ್ಟ್ರೋಲರ್ ಕೊಡೋವಾಗ ಅದು ವಿಮಾನದ ಬಾಗಿಲಿಗೆ ಬರ್ತದೋ ಬ್ಯಾಗ್ ಬರೋ ಬೆಲ್ಟಿಗೆ ಬರ್ತದೋ ಕೇಳಿರ್ರಿ. ಬೆಲ್ಟಿಗಾದ್ರ ಅಲ್ಲಿತನ ಕೂಸಿನ್ನ ಎತ್ಕೊಂಡೇ ನಡೀಬೇಕು, ಕಟ್ಕೊಳ್ಳೋ ಬೇಬಿ ಕ್ಯಾರಿಯರ್ ಇದ್ರ ಕೈ ಖಾಲಿ ಇರ್ತಾವ.