ಮುದ್ದೆ ತುತ್ತು ಎಷ್ಟು ದೊಡ್ಡದು? ಹುಣಸೂರು ಕಡೆಯ ನಮ್ಮ ಐದು ತಿಂಗಳ ಭಾನುವಾರಗಳು

ಜೂನ್‌ನಲ್ಲಿ ಶುರು ಮಾಡಿದ ಕೆಲಸಕ್ಕೆ ಈಗ ಐದು ತಿಂಗಳು. ಗುಂಪಿನಲ್ಲಿ ನಾವು ನಾಲ್ಕೇ ಜನ. ಹುಣಸೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ನಾನು, ಪ್ರೈಮರಿ ಶಾಲೆಯ ಒಬ್ಬ ಮೇಷ್ಟ್ರು, ಎಲ್ಲರೂ ಅಕ್ಕ ಅಂತಲೇ ಕರೆಯುವ ಆಶಾ ಕಾರ್ಯಕರ್ತೆ, ಮೈಸೂರಿನಲ್ಲಿ ಹಲ್ಲಿನ ಡಾಕ್ಟರ್ ಓದು ಮುಗಿಸುತ್ತಿರುವ ನನ್ನ ತಂಗಿ ಮಗಳು. ಪ್ರತಿ ಭಾನುವಾರ ಒಂದು ಹಾಡಿಗೆ (ಆದಿವಾಸಿಗಳ ಸಣ್ಣ ಊರು), ಅದರ ಪಕ್ಕದ ಊರಿಗೆ ಹೋಗುತ್ತೇವೆ. ಹೊಗೆಸೊಪ್ಪು, ಕಡ್ಡಿಪುಡಿ (ಬಾಯಿಗೆ ಹಾಕುವ ತಂಬಾಕಿನ ಪುಡಿ), ಬೀಡಿ ಬಿಡೋಕೆ ಮನಸ್ಸಿರುವವರಿಗೆ ಜೊತೆಯಾಗುವುದು ನಮ್ಮ ಕೆಲಸ. ಇಲ್ಲಿಯವರೆಗೆ ಏನಾಯಿತು ಅಂತ ಬರೆದಿಡುತ್ತಿದ್ದೇನೆ. ಬೇರೆ ತಾಲ್ಲೂಕಿನಲ್ಲಿ ಯಾರಾದರೂ ಇಂಥ ಕೆಲಸ ಶುರು ಮಾಡುವುದಾದರೆ ನಾವು ಕಳೆದುಕೊಂಡ ಮೊದಲ ತಿಂಗಳು ಅವರಿಗೆ ಉಳಿಯಲಿ.

ಜೂನ್

ಮೈಕು ಮತ್ತು ಪೋಸ್ಟರ್ ಹಿಡಿದು ಹೋದೆವು. ತಪ್ಪು ಮಾಡಿದೆವು. ಕ್ಯಾನ್ಸರ್ ಬಾಯಿಯ ಚಿತ್ರ ತೋರಿಸಿದಾಗ ಒಬ್ಬರು ಜೇಬಿನಿಂದ ಪ್ಯಾಕೆಟ್ ತೆಗೆದು ನನ್ನ ಮುಂದೆ ಹಿಡಿದರು. "ಇದ್ರ ಮೇಲೂ ಅದೇ ಐತಲ್ಲ ಅಣ್ಣ, ನೀವೇನು ಹೊಸದು ತಂದ್ರಿ?" ಅವರು ಹೇಳಿದ್ದು ಸರಿ. 2016ರಿಂದ ಪ್ಯಾಕೆಟ್ಟಿನ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಚಿತ್ರ ಇದೆ. ದಿನಕ್ಕೆ ಹತ್ತು ಸಲ ಅದನ್ನು ನೋಡಿಯೇ ಹರಿಯುತ್ತಾರೆ. ಹನ್ನೊಂದನೇ ಸಲ ನಾವು ತೋರಿಸಿದರೆ ಏನು ಬದಲಾಗುತ್ತೆ?

ಪಕ್ಕದ ಊರಿನಲ್ಲಿ ಇನ್ನೂ ಕಷ್ಟವಾಯಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕೆಂಪು ನೆಲ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿ ಬಂದದ್ದು 1976ರಲ್ಲಿ. ಲೈಸೆನ್ಸು, ಸೊಪ್ಪು ಒಣಗಿಸುವ ಬ್ಯಾರನ್, ಹರಾಜು ಇವೆಲ್ಲ ಇಲ್ಲಿ ಮನೆ ಮಾತು. "ನನ್ನ ಮಗಳ ಮದುವೆ ಆಗಿದ್ದೇ ಸೊಪ್ಪಿನಿಂದ. ನೀವು ಬಂದು ಕೆಟ್ಟದ್ದು ಅಂತೀರಾ?" ಎಂದು ಒಬ್ಬ ಹಿರಿಯರು ನೇರವಾಗಿ ಕೇಳಿದರು. ನಾವು ಬೆಳೆಯ ವಿಷಯ ಮಾತಾಡೋಕೆ ಬಂದಿಲ್ಲ, ಬಾಯಿಯ ವಿಷಯಕ್ಕೆ ಬಂದಿದ್ದೇವೆ ಅಂದೆ. ಅವರು ಕೂರಿಸಿ ಕಾಫಿ ಕೊಟ್ಟರು. ಆದರೆ ನಂಬಲಿಲ್ಲ. ಅವತ್ತು ವಾಪಸ್ ಬರುವಾಗ ಮೈಕನ್ನು ಬಾಡಿಗೆ ಅಂಗಡಿಗೆ ಕೊಟ್ಟುಬಿಟ್ಟೆವು. ಮತ್ತೆ ತಂದಿಲ್ಲ.

ಜುಲೈ

ಸೊಪ್ಪು ಮುರಿಯುವ ಕೆಲಸ ಜೋರಾಗಿತ್ತು. ಹಾಡಿಯ ಹೆಂಗಸರು, ಗಂಡಸರು ಬೆಳಗ್ಗೆ ಆರಕ್ಕೇ ಕೂಲಿಗೆ ಹೋಗುತ್ತಿದ್ದರು. ನಾವು ಹತ್ತು ಗಂಟೆಗೆ ಹೋದರೆ ಹಾಡಿಯಲ್ಲಿ ಮಕ್ಕಳು, ಅಜ್ಜಿಯರು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಹಾಗಾಗಿ ನಮ್ಮ ಸಮಯ ಸಂಜೆ ಆರೂವರೆ ಆಯಿತು. ಇಷ್ಟು ಸಣ್ಣ ವಿಷಯ ತಿಳಿಯೋಕೆ ಮೂರು ಭಾನುವಾರ ಬೇಕಾಯಿತು.

ಆ ತಿಂಗಳು ಒಬ್ಬ ಹುಡುಗಿ ಸಂಜೆ ಹೊತ್ತು ಸುಸ್ತಾಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಊಟದಲ್ಲಿ ಏನೋ ಆಗಿದೆ ಅಂದುಕೊಂಡೆ. "ಊಟದ್ದಲ್ಲ, ಸೊಪ್ಪಿಂದು" ಅಂದರು ಅವಳ ಅಮ್ಮ. ಇಬ್ಬನಿಯೋ ಮಳೆಯೋ ಬಿದ್ದು ಒದ್ದೆಯಾದ ಹಸಿ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ತಲೆನೋವು, ಹೊಟ್ಟೆ ತೊಳಸುವುದು, ವಾಂತಿ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ, ಆದರೆ ಆ ದಿನ ನರಕ. ಒಂದು ಬೀಡಿಯನ್ನೂ ಮುಟ್ಟದ ಹುಡುಗಿಗೆ ಇದು ಆಗಿತ್ತು.

ಅಲ್ಲಿದ್ದ ಒಬ್ಬರು ಹೇಳಿದ ಮಾತು ನನ್ನನ್ನು ನಿಲ್ಲಿಸಿಬಿಟ್ಟಿತು: "ಕಡ್ಡಿಪುಡಿ ಹಾಕೋರಿಗೆ ಅಷ್ಟು ಸುತ್ತಲ್ಲ. ಅದಕ್ಕೇ ನಾನೂ ಹಾಕೋಕೆ ಕಲ್ತಿದ್ದು." ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಿಕೋಟಿನ್ ಮೈಗೆ ಒಗ್ಗಿದವರಿಗೆ ಎಲೆಯ ಸುತ್ತು ಕಮ್ಮಿ. ಅಂದರೆ ಕೂಲಿ ಕೆಲಸವೇ ಚಟ ಕಲಿಸುತ್ತಿದೆ. ಇಂಥವರ ಮುಂದೆ ನಿಂತು "ಚಟ ಬಿಡಿ" ಅಂದರೆ ನಮ್ಮ ಮಾತಿಗೆ ಏನು ಬೆಲೆ?

ಹಾಗಾಗಿ ಜುಲೈ ಪೂರ್ತಿ ನಾವು ತುಂಬು ತೋಳಿನ ಹಳೆ ಶರ್ಟು ಕೂಡಿಸಿದೆವು. ನನ್ನ ಅಂಗಡಿಗೆ ಬರುವವರನ್ನೇ ಕೇಳಿದೆ. 34 ಶರ್ಟು ಬಂದವು. ಇಬ್ಬನಿ ಆರಿದ ಮೇಲೆ ಮುರಿಯಿರಿ, ಮನೆಗೆ ಬಂದ ತಕ್ಷಣ ಸೋಪು ಹಚ್ಚಿ ಕೈ ತೊಳೆಯಿರಿ, ಒದ್ದೆ ಬಟ್ಟೆ ಬದಲಿಸಿ ಅಂತ ಹೇಳಿದೆವು. ಇಬ್ಬನಿ ಆರುವವರೆಗೆ ಕಾಯುವುದು ಕೂಲಿಯವರ ಕೈಯಲ್ಲಿಲ್ಲ. ಅದಕ್ಕೇ ಮೇಷ್ಟ್ರು ಜಮೀನಿನ ಮಾಲೀಕರ ಹತ್ತಿರವೂ ಮಾತಾಡಿದರು. ಜೂನ್‌ನಲ್ಲಿ ಕಾಫಿ ಕೊಟ್ಟಿದ್ದ ಹಿರಿಯರು ಒಪ್ಪಿದರು. ಇನ್ನಿಬ್ಬರು ಒಪ್ಪಲಿಲ್ಲ.

ಆಗಸ್ಟ್

ಈ ತಿಂಗಳು ಕೆಲಸದ ದಿಕ್ಕೇ ಬದಲಾಯಿತು.

ಯಾಕೆ ಹಾಕುತ್ತೀರಿ ಅಂತ ಕೇಳುವುದನ್ನು ಕಲಿತಿದ್ದೆವು. ಉತ್ತರಗಳು ಹೀಗಿದ್ದವು: ಹಸಿವು ಕಟ್ಟುತ್ತೆ. ನಿದ್ದೆ ಬರಲ್ಲ. ಹಲ್ಲುನೋವು ಕಮ್ಮಿ ಆಗುತ್ತೆ. ಮಧ್ಯಾಹ್ನ ಎರಡರವರೆಗೆ ಊಟ ಇಲ್ಲದೆ ದುಡಿಯುವವರಿಗೆ ಒಂದು ಚಿಟಿಕೆ ಕಡ್ಡಿಪುಡಿ ಊಟದ ಬದಲು. ಹುಳುಕು ಹಲ್ಲು ಕೀಳಿಸಲು ಒಂದು ದಿನದ ಕೂಲಿ ಬಿಡಬೇಕು, ಹೊಗೆಸೊಪ್ಪು ಎರಡು ಹೆಜ್ಜೆಯಲ್ಲೇ ಸಿಗುತ್ತದೆ. 2016-17ರ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಜನ ಯಾವುದಾದರೂ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಅದು ರಾಜ್ಯದ ಸರಾಸರಿ. ನಾವು ಕೂತ ಜಗುಲಿಯಲ್ಲಿ ಎಲೆಅಡಿಕೆ ಸಂಚಿ ಇಲ್ಲದ ಸೊಂಟ ಹುಡುಕಬೇಕಿತ್ತು.

ಅವತ್ತು ಸುಮಾರು ನಲವತ್ತರ ಒಬ್ಬ ಹೆಂಗಸು ಬಂದು ಕೂತರು. ಸಂಚಿ ಬಿಚ್ಚಿ ನಮ್ಮ ಮುಂದೆ ಇಟ್ಟರು. ಬಣ್ಣ ಮಾಸಿದ ಹಸಿರು ಬಟ್ಟೆ, ಒಳಗೆ ಮೂರು ಗೂಡು. ಒಂದರಲ್ಲಿ ಬಾಡಿದ ವೀಳ್ಯದೆಲೆ, ಒಂದರಲ್ಲಿ ಅಡಿಕೆ ಚೂರು, ಇನ್ನೊಂದರಲ್ಲಿ ಹೊಗೆಸೊಪ್ಪು ಮತ್ತು ಬೆರಳು ತಾಗಿ ಅಂಚು ಸವೆದ ಸುಣ್ಣದ ಡಬ್ಬಿ. ತಂಗಿ ಮಗಳು ಟಾರ್ಚ್ ಹಿಡಿದು ಬಾಯಿ ತೆಗೆಯಿರಿ ಅಂದಳು. "ಇಷ್ಟೇ ಬರೋದು ಕಣವ್ವ" ಅಂದರು. ನೋವು ಇದೆಯಾ? ಇಲ್ಲ. ಖಾರ ತಿಂದರೆ ಉರಿ? ಉರಿಯುತ್ತೆ, ಅದು ಎಲ್ಲರಿಗೂ ಇರುತ್ತಲ್ಲ. ಆಮೇಲೆ ಅವರೇ ಸುಮ್ನೆ ಮಾತಿಗೆ ಅಂದರು: "ಈಗೆರಡು ವರ್ಷದಿಂದ ಮುದ್ದೆ ಸಣ್ಣ ಸಣ್ಣದಾಗಿ ಮುರ್ಕೊಂಡು ನುಂಗ್ತೀನಿ. ಮೊದ್ಲಿನ ತುತ್ತು ಹೋಗಲ್ಲ."

ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಇಡಲು ಹೇಳಿದೆವು. ಸಾಮಾನ್ಯವಾಗಿ ಮೂರೂ ಹೋಗಬೇಕು. ಅವರಿಗೆ ಎರಡು ಹೋದವು, ಮೂರನೆಯದು ತುಟಿಯಲ್ಲೇ ನಿಂತಿತು. ಕೆನ್ನೆಯ ಒಳಭಾಗ ಬೆಳ್ಳಗೆ ಪೇಲವವಾಗಿ, ಮುಟ್ಟಿದರೆ ಹಗ್ಗದ ಎಳೆಯಂತೆ ಗಟ್ಟಿ. ಇದು ಮುಖ್ಯವಾಗಿ ಅಡಿಕೆಯಿಂದ ಬರುವ ಕಾಯಿಲೆ. ಒಳ ಚರ್ಮ ಬಿಗಿದುಕೊಳ್ಳುತ್ತಾ ಬಾಯಿ ಮುಚ್ಚುತ್ತಾ ಬರುತ್ತದೆ, ಮುಂದೆ ಕ್ಯಾನ್ಸರಿಗೆ ತಿರುಗುವ ಭಯ ಇದೆ. ಬಿಗಿದದ್ದು ಮೊದಲಿನಂತೆ ಪೂರ್ತಿ ಸಡಿಲ ಆಗುವುದಿಲ್ಲ. ಅಗಿಯುವುದನ್ನು ನಿಲ್ಲಿಸಿ ಚಿಕಿತ್ಸೆ ತೆಗೆದುಕೊಂಡರೆ ಮುಂದಕ್ಕೆ ಹೋಗದಂತೆ ತಡೆಯಬಹುದು.

ನಾವು ಅಲ್ಲಿಯವರೆಗೆ ಅಡಿಕೆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹೊಗೆಸೊಪ್ಪು ಬಿಡಿ, ಬರೀ ಎಲೆಅಡಿಕೆ ಪರವಾಗಿಲ್ಲ ಅಂತ ನಾನೇ ಇಬ್ಬರಿಗೆ ಹೇಳಿದ್ದೆ. ಅವರ ಮನೆಗೆ ಮತ್ತೆ ಹೋಗಿ ತಪ್ಪು ಹೇಳಿದೆ ಅಂತ ಒಪ್ಪಿಕೊಂಡು ಬಂದೆ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮದುವೆ ಮನೆಯ ತಾಂಬೂಲದ ಮರ್ಯಾದೆ ಬೇರೆ, ದಿನಾ ದವಡೆಯಲ್ಲಿ ಒತ್ತಿಟ್ಟುಕೊಳ್ಳುವುದು ಬೇರೆ.

ಆ ಭಾನುವಾರದಿಂದ ನಮ್ಮ ಮೊದಲ ಪ್ರಶ್ನೆ ಒಂದೇ: ಮುದ್ದೆ ತುತ್ತು ಮೊದಲಿನಷ್ಟೇ ದೊಡ್ಡದಿದೆಯಾ? ಇದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ, ಸುಳ್ಳು ಹೇಳುವುದಿಲ್ಲ. ಅಕ್ಕ ತನ್ನ ಮನೆ ಮನೆ ಭೇಟಿಯಲ್ಲೂ ಇದನ್ನೇ ಕೇಳುತ್ತಾರೆ. ಈಗ ಕೈಯಲ್ಲಿ ಪೋಸ್ಟರ್ ಇಲ್ಲ, ಒಂದು ಟಾರ್ಚ್ ಮತ್ತು ಅಂಗೈ ಅಗಲದ ಕನ್ನಡಿ ಇವೆ. ತಮ್ಮ ಕೆನ್ನೆಯನ್ನು ತಾವೇ ನೋಡಿಕೊಂಡಾಗ ಮುಖದಲ್ಲಿ ಆಗುವ ಬದಲಾವಣೆ ಬೇರೆಯೇ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಿಗಿದ ಬಾಯಿ. ಈ ಮೂರರಲ್ಲಿ ಒಂದು ಕಂಡರೂ ಡಾಕ್ಟರ್ ಹತ್ತಿರ ಕಳಿಸುತ್ತೇವೆ.

ಸೆಪ್ಟೆಂಬರ್

ಕಳಿಸುವುದು ಸುಲಭವಲ್ಲ. ಹುಣಸೂರಿನಿಂದ ಮೈಸೂರು ಸುಮಾರು 45 ಕಿಲೋಮೀಟರ್. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದು ನಿಜಕ್ಕೂ ದೊಡ್ಡ ಸಹಾಯ. ಆದರೂ "ಬಸ್ಸೇನೋ ಫ್ರೀನೇ ಅಣ್ಣ, ಅವತ್ತಿನ ಕೂಲಿ ಯಾರು ಕೊಟ್ಟಾರು?" ಅಂದರು ಮುದ್ದೆ ತುತ್ತಿನ ಮಾತು ಹೇಳಿದ್ದ ಆ ಹೆಂಗಸು. ಅವರನ್ನು ಇಲ್ಲಿ ಮುದ್ದೆಯ ಅಕ್ಕ ಅನ್ನುತ್ತೇನೆ. ಮೊದಲ ಸಲ ಅವರು ಒಬ್ಬರೇ ಹೋಗಿ, ಚೀಟಿ ಕೊಡುವ ಹೊತ್ತು ಮುಗಿಯಿತು ಅಂತ ಹಾಗೇ ವಾಪಸ್ ಬಂದರು. ಒಂದು ದಿನದ ಕೂಲಿ ಹೋಯಿತು, ಮರ್ಯಾದೆಯೂ ಹೋಯಿತು ಅಂತ ಅತ್ತರು. ಇಂಥ ಒಂದು ದಿನ ಸಾಕು, ಇಡೀ ಹಾಡಿ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಲು. ಈಗ ನಾವು ನಾಲ್ಕೈದು ಜನರನ್ನು ಒಟ್ಟಿಗೆ, ಕೆಲಸ ಕಮ್ಮಿ ಇರುವ ದಿನ ನೋಡಿ, ತಂಗಿ ಮಗಳ ಜೊತೆಯಲ್ಲೇ ಕಳಿಸುತ್ತೇವೆ. 61 ಜನರ ಬಾಯಿ ನೋಡಿದ್ದೇವೆ. 14 ಜನರನ್ನು ತೋರಿಸಿಕೊಳ್ಳಿ ಅಂದೆವು, 9 ಜನ ಹೋಗಿ ಬಂದರು. ಉಳಿದ 5 ಜನರಲ್ಲಿ 4 ಗಂಡಸರು. ಅವರಿಗೆ ಬಸ್ ಚಾರ್ಜೂ ಇದೆ.

ಶಾಲೆ ಹತ್ತಿರದ ಪೆಟ್ಟಿಗೆ ಅಂಗಡಿ ವಿಷಯವೂ ಇದೇ ತಿಂಗಳು ಬಂತು. 2003ರ ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಖರೀದಿ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಆದರೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಪುಡಿ ಇನ್ನೊಂದು ಪ್ಯಾಕೆಟ್, ಎರಡೂ ಮಾಲೆಯಂತೆ ಅಕ್ಕಪಕ್ಕ ನೇತಾಡುತ್ತವೆ. ಮೇಷ್ಟ್ರು ಟೇಪು ಹಿಡಿದು ಅಳೆದರು. ಅಂಗಡಿ 100 ಗಜದ ಒಳಗೇ ಇತ್ತು.

ಅಂಗಡಿ ನಡೆಸುವವರು ಗಂಡ ತೀರಿಕೊಂಡ ಒಬ್ಬ ತಾಯಿ. ದೂರು ಕೊಡೋಣವೇ ಅಂತ ನಮ್ಮಲ್ಲೇ ಜಗಳ ಆಯಿತು. ನಾನು ಬೇಡ ಅಂದೆ, ಈಗಲೂ ಹಾಗೇ ಅನ್ನುತ್ತೇನೆ. ಮೊದಲು ಅವರ ಹತ್ತಿರ ಕೂತು ಮಾತಾಡಿದೆವು. ಮಾಲೆ ಇಳಿಸಿದರು, ಮಕ್ಕಳಿಗೆ ಕೊಡುವುದಿಲ್ಲ ಅಂದರು. ಈಗ ಬೇಯಿಸಿದ ಕಡಲೆಕಾಯಿ ಇಡುತ್ತಾರೆ. ಗೊತ್ತಿರುವವರು ಕೇಳಿದರೆ ಒಳಗಿನಿಂದ ಪ್ಯಾಕೆಟ್ ತೆಗೆದುಕೊಡುವುದು ನಿಂತಿಲ್ಲ. ಅದು ನಿಲ್ಲಬೇಕಾದರೆ ಅವರ ಸಂಪಾದನೆಗೆ ಬೇರೆ ದಾರಿ ಆಗಬೇಕು. ಮಹಿಳಾ ಸಂಘದ ಸಾಲಕ್ಕೆ ಅಕ್ಕ ಓಡಾಡುತ್ತಿದ್ದಾರೆ.

ಅಕ್ಟೋಬರ್

ಈ ಭಾಗ ನನ್ನ ಅಂಗಡಿಗೆ ಸಂಬಂಧಿಸಿದ್ದು. ತಂಬಾಕು ಬಿಡಲು ಕೊಡುವ 2 ಮಿಲಿಗ್ರಾಂ ನಿಕೋಟಿನ್ ಗಮ್ ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ. 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲೂ ನಿಕೋಟಿನ್ ಸೇರಿದೆ. ಆದರೆ ಕಡ್ಡಿಪುಡಿಗಿಂತ ಎಷ್ಟೋ ಪಟ್ಟು ದುಬಾರಿ. ಬಿಡಿಸುವ ಔಷಧಿಗಿಂತ ಹಿಡಿಸುವ ಪುಡಿ ಅಗ್ಗ ಆಗಿರುವುದು ನನಗೆ ಸಹಿಸಲಾಗದ ವಿಷಯ. ಆರು ಜನರಿಗೆ ಅಸಲಿಗೇ, ಇಬ್ಬರಿಗೆ ಹಾಗೇ ಕೊಡುತ್ತಿದ್ದೇನೆ. ಚೂಯಿಂಗ್ ಗಮ್ ಥರ ಅಗಿಯಬಾರದು. ನಿಧಾನಕ್ಕೆ ನಾಲ್ಕು ಸಲ ಅಗಿದು, ಒಗರು ಬಂದ ಕೂಡಲೇ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ಟೀ, ಕಾಫಿ ಕುಡಿದ ಹದಿನೈದು ನಿಮಿಷ ಹಾಕಬಾರದು. ದವಡೆಯಲ್ಲಿ ಇಟ್ಟುಕೊಳ್ಳುವುದು ಇವರಿಗೆ ಹೇಳಿಕೊಡಬೇಕಾಗಿಲ್ಲ, ಬೇಗ ಹಿಡಿದರು.

ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಫೋನ್ ನಂಬರ್ 1800-11-2356. ಕನ್ನಡದಲ್ಲೇ ಮಾತಾಡುತ್ತಾರೆ. ಹಾಡಿಯಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕ್ ಕೆಳಗೆ ಮಾತ್ರ. ಅಲ್ಲಿ ಯಾವಾಗಲೂ ನಾಲ್ಕು ಜನ ನಿಂತಿರುತ್ತಾರೆ, ಮನಸ್ಸು ಬಿಚ್ಚಿ ಮಾತಾಡೋದು ಹೇಗೆ? ಅದಕ್ಕೆ ಭಾನುವಾರ ಮೇಷ್ಟ್ರು ತಮ್ಮ ಬೈಕಿನಲ್ಲಿ ಒಬ್ಬೊಬ್ಬರನ್ನೇ ಶಾಲೆಗೆ ಕರೆದುಕೊಂಡು ಹೋಗಿ, ಫೋನ್ ಹಚ್ಚಿಕೊಟ್ಟು, ತಾವು ಹೊರಗೆ ಜಗುಲಿಯಲ್ಲಿ ಕೂರುತ್ತಾರೆ. ಒಂದು ತಿಂಗಳು ಮುಟ್ಟದೆ ಇರುವವರು ಈಗ 4 ಜನ. ಒಬ್ಬರು ಮೂರು ವಾರ ಬಿಟ್ಟು ಹಬ್ಬದಲ್ಲಿ ಮತ್ತೆ ಹಾಕಿದರು. ಅವರನ್ನು ಲೆಕ್ಕದಿಂದ ತೆಗೆದಿಲ್ಲ, ವಾರ ವಾರ ಮಾತಾಡಿಸುತ್ತಿದ್ದೇವೆ.

ಮುದ್ದೆಯ ಅಕ್ಕನಿಗೆ ಗಮ್ ಆಗುವುದಿಲ್ಲ, ಬಾಯಿ ಬಿಗಿ. ಹೊಗೆಸೊಪ್ಪು ಬಿಟ್ಟಿದ್ದಾರೆ. ಅಡಿಕೆ ಬಿಡುವುದೇ ಜಾಸ್ತಿ ಕಷ್ಟ ಅನ್ನುತ್ತಾರೆ, ಬದಲಿಗೆ ಹುರಿದ ಓಮ ಇಟ್ಟುಕೊಂಡಿದ್ದಾರೆ. ಡಾಕ್ಟರು ಔಷಧಿ ಜೊತೆ ಬಾಯಿಯ ವ್ಯಾಯಾಮ ಹೇಳಿದ್ದಾರೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳುವುದು, ದಿನ ಕಳೆದಂತೆ ಒಂದೊಂದೇ ಸೇರಿಸುವುದು. ಮಕ್ಕಳು ಆಟಕ್ಕೆ ಎತ್ತಿಕೊಂಡು ಹೋಗುತ್ತಾರೆ ಅಂತ ರಬ್ಬರ್ ಬ್ಯಾಂಡ್ ಹಾಕಿ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದಾರೆ. ಸೆಪ್ಟೆಂಬರ್ ಕೊನೆಗೆ 17 ಕಡ್ಡಿ ಹಿಡಿಸುತ್ತಿತ್ತು. ಮೊನ್ನೆ ಭಾನುವಾರ ನಮ್ಮ ಮುಂದೆಯೇ ಎಣಿಸಿದರು, 19. ಮುಂದಿನ ತಪಾಸಣೆಗೆ ಮೈಸೂರಿಗೆ ಹೋಗುವಾಗ ಅಕ್ಕಪಕ್ಕದ ಮನೆಯ ಇಬ್ಬರನ್ನು ತಾವೇ ಕರೆದುಕೊಂಡು ಹೋಗುತ್ತಾರಂತೆ. ಚೀಟಿ ಕೊಡುವ ಹೊತ್ತು ಎಷ್ಟು ಅಂತ ನನ್ನ ಹತ್ತಿರ ಕೇಳಿ, ಅಂಗೈ ಮೇಲೆ ಪೆನ್ನಿನಲ್ಲಿ ಬರೆಸಿಕೊಂಡರು.