ಮೇರರ್‌ನ ದಿನಚರಿ

ಪಿರಮಿಡ್ ಎಂದೊಡನೆ ಚಾವಟಿಯೇಟು ತಿನ್ನುತ್ತ ಕಲ್ಲೆಳೆಯುವ ಗುಲಾಮರ ಚಿತ್ರವೇ ಬಾಲ್ಯದಿಂದಲೂ ನನ್ನ ಕಣ್ಣ ಮುಂದಿತ್ತು. 2013ರಲ್ಲಿ ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ದೊರೆತ ಪಪೈರಸ್ ಹಾಳೆಗಳ ಬಗ್ಗೆ ಇಂದು ಓದಿದ ಮೇಲೆ ಆ ಚಿತ್ರ ಅಳಿಸಿಹೋಯಿತು. ಸುಮಾರು 4500 ವರ್ಷಗಳ ಹಿಂದೆ ಮೇರರ್ ಎಂಬ ಮೇಲ್ವಿಚಾರಕನು, ತನ್ನ ತಂಡದ ನಲವತ್ತರಷ್ಟು ಜನರೊಡನೆ ತುರಾ ಗಣಿಯ ಬಿಳಿ ಸುಣ್ಣಕಲ್ಲನ್ನು ದೋಣಿಗೆ ಹೇರಿ, ನೈಲ್ ನದಿಯ ಮೇಲೆ ಗೀಜಾಕ್ಕೆ ಸಾಗಿಸಿದ್ದನ್ನು ದಿನದಿನವೂ ಬರೆದಿಟ್ಟಿದ್ದಾನೆ. ರಾತ್ರಿ ಎಲ್ಲಿ ತಂಗಿದರೆಂಬುದನ್ನೂ ಬಿಟ್ಟಿಲ್ಲ. ಖುಫು ದೊರೆ ಮರಣಾನಂತರ ದೇವತೆಗಳ ಸಾಲಿಗೆ ಸೇರಲೆಂದು ಗೀಜಾದಲ್ಲಿ ಕಟ್ಟಿಸಿದ ಗೋರಿಯನ್ನು, ಅಂದರೆ ಈ ಕಲ್ಲು ಸೇರಿದ ಮಹಾ ಪಿರಮಿಡ್ಡನ್ನು, ಅವರು ‘ಖುಫುವಿನ ದಿಗಂತ’ ಎಂದು ಕರೆಯುತ್ತಿದ್ದರು. ದೊರೆಯ ಹೆಸರಿಗಿಂತ ಆ ದೋಣಿಯವರ ಲೆಕ್ಕಪತ್ರವೇ ನನಗೆ ಹೆಚ್ಚು ಆಪ್ತವೆನಿಸಿತು: ಕೆಂಪು, ಕಪ್ಪು ಶಾಯಿಯಲ್ಲಿ ಬರೆದ, ಅವರಿಗೆ ಬಂದ ರೊಟ್ಟಿಯ, ಬಿಯರಿನ ಲೆಕ್ಕ.